ಕೊಡಗಿನ ಕಾರು ಮಾಲೀಕರಿಗೆ: ಹೆಚ್ಚುವರಿ ಜೋಡಣೆ, ದೋಷ ಮತ್ತು ವಿಮಾ ರಿಪೇರಿಯನ್ನು ನಿಭಾಯಿಸುವ ಬಗೆ

ಕಕ್ಕಡ ತಿಂಗಳ ಮಳೆಯಲ್ಲಿ ಸಂಪಾಜೆ ಘಾಟಿ ಇಳಿದು ಹತ್ತುವ, ತೋಟದ ಕೆಸರುದಾರಿಯಲ್ಲಿ ಮನೆ ಸೇರುವ, ಸಿಲ್ವರ್ ಓಕ್ ಮರಗಳ ಕೆಳಗೆ ರಾತ್ರಿ ಕಳೆಯುವ ಕಾರಿನ ಕಷ್ಟಗಳು ಬಯಲುಸೀಮೆಯ ಕಾರಿನ ಕಷ್ಟಗಳಂತಲ್ಲ. ಮಂಜಿಗೆಂದು ನಾವು ಹೆಚ್ಚಿನ ದೀಪ ಹಾಕಿಸುತ್ತೇವೆ. ತೇವಕ್ಕೆ ವೈರಿಂಗ್ ಕೆಡುತ್ತದೆ. ಗಾಳಿಮಳೆಗೆ ಕೊಂಬೆ ಮುರಿದು ಬಾನೆಟ್ ಮೇಲೆ ಬೀಳುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂದು ತಿಳಿಯುವುದು ರೂಢಿ. ಆದರೆ ವಿಮಾ ಕ್ಲೇಮ್ ಹಾಕಿದ ದಿನ, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಕೇಳುವ ಪ್ರಶ್ನೆಗಳಲ್ಲಿ ಎಲ್ಲವೂ ಸೇರಿರುತ್ತವೆ: ಈ ದೀಪ ಯಾವಾಗ ಹಾಕಿಸಿದ್ದು, ಈ ವೈರ್ ಕತ್ತರಿಸಿದ್ದು ಯಾರು, ಈ ಹಾನಿ ಮೊದಲೇ ಇತ್ತೇ? ಉತ್ತರ ಕಾಗದದ ಮೇಲೆ ಇದ್ದವರಿಗೆ ಹಣ ಬರುತ್ತದೆ, ಬಾಯಿಮಾತಿನಲ್ಲಿ ಮಾತ್ರ ಇದ್ದವರಿಗೆ ಬರುವುದು ಕಷ್ಟ. ಆದ್ದರಿಂದ ಕಾರಿಗೆ ಏನೇ ಮಾಡಿಸಿದರೂ, ಅದಕ್ಕೆ ಏನೇ ಆದರೂ, ಅದರ ದಾಖಲೆಯನ್ನು ಆಗಲೇ ಮಾಡಿಟ್ಟುಕೊಳ್ಳುವುದು ಮಾಲೀಕರ ಮೊದಲ ಕೆಲಸ.

ಹೊಸದನ್ನು ಜೋಡಿಸುವ ಮೊದಲು

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಸೀಟ್ ಕವರ್, ಮ್ಯಾಟ್, ಮ್ಯೂಸಿಕ್ ಸಿಸ್ಟಮ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಚಾಸಿಸ್, ಎಂಜಿನ್, ಇಂಧನದ ಬಗೆ, ಬಣ್ಣ, ಕಾರಿನ ಎತ್ತರ, ಇವುಗಳನ್ನು ಮುಟ್ಟುವ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಅನುಮತಿಯಿರುವ ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು.

ನಮ್ಮ ಕಡೆ ಬಹಳ ಜನ ಹಾಕಿಸುವುದು ಬುಲ್ ಬಾರ್, ಅಂದರೆ ಬಂಪರ್ ಮುಂದೆ ಬಿಗಿಯುವ ಕಬ್ಬಿಣದ ಚೌಕಟ್ಟು. ಕಾಡುಪ್ರಾಣಿ ಅಡ್ಡ ಬಂದರೆ ರಕ್ಷಣೆಯಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ಇದರ ವಿರುದ್ಧ ಕ್ರಮ ಜರುಗಿಸುವಂತೆ ರಾಜ್ಯಗಳಿಗೆ ತಿಳಿಸಿದೆ. ಇದು ಬರೀ ದಂಡದ ವಿಷಯವಲ್ಲ. ಡಿಕ್ಕಿಯಾದಾಗ ಕಾರಿನ ಮುಂಭಾಗ ಮಡಚಿಕೊಂಡು ಹೊಡೆತವನ್ನು ಹೀರಬೇಕು, ಆ ಹೊಡೆತದ ಲೆಕ್ಕದಲ್ಲಿಯೇ ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕು. ಚಾಸಿಸ್‌ಗೆ ಬಿಗಿದ ಕಬ್ಬಿಣದ ಚೌಕಟ್ಟು ಈ ಎರಡನ್ನೂ ಕೆಡಿಸಬಹುದು. ಈಗಾಗಲೇ ಹಾಕಿಸಿದ್ದರೆ ದಯವಿಟ್ಟು ತೆಗೆಸಿಬಿಡಿ.

ಮಂಜಿನ ದೀಪಕ್ಕೆ ನಿಜವಾದ ಅಗತ್ಯವಿದೆ. ಭಾಗಮಂಡಲ, ಗಾಳಿಬೀಡು, ಸೋಮವಾರಪೇಟೆಯ ರಸ್ತೆಗಳಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೆಡ್‌ಲೈಟ್‌ಗೆ ಕಣ್ಣು ಕುಕ್ಕುವ ಬಿಳಿ ಬಲ್ಬ್ ಹಾಕಿಸಿದರೆ ಮಂಜಿನ ಹನಿಗಳಿಂದ ಆ ಬೆಳಕು ಚಾಲಕನ ಕಣ್ಣಿಗೇ ಮರಳುತ್ತದೆ. ಬಂಪರ್‌ನಲ್ಲಿ ಕೆಳಗೆ ಕೂರುವ, ತಯಾರಕರದೇ ಫಾಗ್ ಲ್ಯಾಂಪ್ ಕಿಟ್ ಉತ್ತಮ. ಅದನ್ನು ರಿಲೇ ಮತ್ತು ಫ್ಯೂಸ್ ಸಹಿತ, ಮೂಲ ವೈರ್ ಕತ್ತರಿಸದೆ, ಕಪ್ಲರ್‌ನಿಂದ ಕಪ್ಲರ್‌ಗೆ ಜೋಡಿಸುವಂತೆ ಕೇಳಿ, ಬಿಲ್ ಪಡೆಯಿರಿ. ಟೇಪ್ ಸುತ್ತಿದ ವೈರ್ ಜೋಡಣೆಯೊಳಗೆ ನಮ್ಮ ಮಳೆಗಾಲದ ತೇವ ಇಳಿಯುತ್ತದೆ, ತಾಮ್ರ ಹಸಿರುಗಟ್ಟುತ್ತದೆ, ಮುಂದೆ ಆ ಸಾಲಿನ ಯಾವ ಬಿಡಿಭಾಗ ಕೆಟ್ಟರೂ ವಾರಂಟಿ ಇಲ್ಲ ಎನ್ನಲು ವರ್ಕ್‌ಶಾಪ್‌ಗೆ ಕಾರಣ ಸಿಗುತ್ತದೆ.

ಬೆಲೆಬಾಳುವ ಎಲೆಕ್ಟ್ರಿಕಲ್ ಸಾಮಾನು ಜೋಡಿಸಿದಾಗ ವಿಮಾ ಕಂಪನಿಗೆ ಬಿಲ್ ಸಹಿತ ತಿಳಿಸಿ, ಪಾಲಿಸಿಯಲ್ಲಿ ಸೇರಿಸಲು ಕೇಳಿ. ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ಹಳೆಯ ವಿಮಾ ದರಪಟ್ಟಿಯಾದ ಮೋಟಾರು ಟ್ಯಾರಿಫ್‌ನಲ್ಲಿ ಇದಕ್ಕೆ ಸಾಮಾನಿನ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ನಿಗದಿಯಾಗಿತ್ತು. ನಮೂದಾಗದ ವಸ್ತು ಅಪಘಾತದಲ್ಲಿ ಒಡೆದರೆ ಅದಕ್ಕೆ ಹಣ ಸಿಗುವುದಿಲ್ಲ. ಸಿಎನ್‌ಜಿ ಕಿಟ್ ಆದರೆ ಆರ್‌ಸಿ ಮತ್ತು ಪಾಲಿಸಿ ಎರಡರಲ್ಲಿಯೂ ನಮೂದಾಗಲೇಬೇಕು.

ದೋಷ ಕಂಡಾಗ

ಬಂದು ಹೋಗುವ ದೋಷಗಳೇ ಹೆಚ್ಚು ಕಾಡುತ್ತವೆ. ಮಳೆಯ ದಿನ ಮಾತ್ರ ಮುಗ್ಗರಿಸುವ ಎಂಜಿನ್, ಘಾಟಿ ಹತ್ತುವಾಗ ಮಾತ್ರ ಹೊತ್ತುವ ಎಚ್ಚರಿಕೆ ದೀಪ ವರ್ಕ್‌ಶಾಪ್‌ನ ಅಂಗಳದಲ್ಲಿ ಕಾಣಿಸಿಕೊಳ್ಳುವುದಿಲ್ಲ. ದೋಷ ಕಂಡಾಗ ಪಕ್ಕದಲ್ಲಿರುವವರಿಂದ ಡ್ಯಾಶ್‌ಬೋರ್ಡ್‌ನ ವಿಡಿಯೊ ಮಾಡಿಸಿ. ಏರೋ ಇಳಿಜಾರೋ, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಎಸಿ ಹಾಕಿತ್ತೋ ಎಂಬುದನ್ನು ಬರೆದಿಡಿ. ವರ್ಕ್‌ಶಾಪ್‌ನಲ್ಲಿ ಜಾಬ್ ಕಾರ್ಡ್ ಬರೆಯುವಾಗ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ನಿಮ್ಮ ದೂರು ನಿಮ್ಮ ಮಾತಿನಲ್ಲಿಯೇ ಅಲ್ಲಿ ದಾಖಲಾಗಬೇಕು, ಸ್ಕ್ಯಾನರ್‌ನಲ್ಲಿ ಬಂದ ಕೋಡ್‌ಗಳ ಪ್ರತಿಯೂ ನಿಮಗೆ ಸಿಗಬೇಕು. ವಾರಂಟಿ ಇರುವಾಗ ಬರೆಸಿದ ದೂರು ವಾರಂಟಿ ಮುಗಿದ ಮೇಲೂ ನಿಮ್ಮ ಪರವಾಗಿ ನಿಲ್ಲುತ್ತದೆ. ವಾರಂಟಿ ನಿರಾಕರಿಸಿದರೆ, ಯಾವ ಜೋಡಣೆಯಿಂದ ಯಾವ ಭಾಗ ಹೇಗೆ ಕೆಟ್ಟಿತೆಂಬುದನ್ನು ಲಿಖಿತವಾಗಿ ಕೇಳಿ. ಸ್ಟೀರಿಯೊ ಬದಲಿಸಿದ ಕಾರಣಕ್ಕೆ ಗೇರ್‌ಬಾಕ್ಸ್‌ನ ವಾರಂಟಿ ಹೋಗುವುದು ನ್ಯಾಯವಲ್ಲ.

ಬಿಎಸ್6 ಎಂಬ ಹೊಗೆ ಮಿತಿಯ ಮಾನದಂಡಕ್ಕೆ ತಕ್ಕಂತೆ ತಯಾರಾದ ಡೀಸೆಲ್ ಕಾರುಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ತೋಟದ ಮನೆಯವರು ವಿಶೇಷವಾಗಿ ಗಮನಿಸಬೇಕು. ಈ ಕಾರುಗಳ ಹೊಗೆಕೊಳವೆಯ ಸಾಲಿನಲ್ಲಿರುವ ಡಿಪಿಎಫ್ ಎಂಬ ಸೋಸುಕ ಮಸಿಯನ್ನು ಹಿಡಿದಿಟ್ಟು, ಸಾಕಷ್ಟು ಬಿಸಿಯಾದಾಗ ಸುಟ್ಟು ಶುದ್ಧಗೊಳ್ಳುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂಬ ಸಣ್ಣ ನಿಧಾನದ ಓಡಾಟದಲ್ಲಿ ಆ ಬಿಸಿ ಬರುವುದಿಲ್ಲ, ಮಸಿ ತುಂಬುತ್ತದೆ. ಡಿಪಿಎಫ್‌ನ ಎಚ್ಚರಿಕೆ ದೀಪ ಹೊತ್ತಿದ ಕೂಡಲೇ ಕಾರಿನ ಕೈಪಿಡಿ ಹೇಳುವಂತೆ ಒಂದೇ ವೇಗದಲ್ಲಿ ತಡೆಯಿಲ್ಲದೆ ಓಡಿಸಬೇಕು. ನಮ್ಮ ತಿರುವುಗಳಲ್ಲಿ ಇದು ಅಸಾಧ್ಯವಾದ್ದರಿಂದ, ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರು ಕಡೆಯ ರಸ್ತೆಯಲ್ಲಿ ಆಗಾಗ ಒಂದು ಓಟ ಇಟ್ಟುಕೊಳ್ಳುವುದು ಒಳ್ಳೆಯದು. ದೀಪವನ್ನು ಕಡೆಗಣಿಸಿ ಸೋಸುಕ ಕಟ್ಟಿಕೊಂಡರೆ ಖರ್ಚು ದೊಡ್ಡದು, ಮತ್ತು ವಿಮೆಯಿಂದ ಅದಕ್ಕೆ ಏನೂ ಸಿಗುವುದಿಲ್ಲ. ಸವೆತವೂ ಯಾಂತ್ರಿಕ ಅಥವಾ ವಿದ್ಯುತ್ ದೋಷವೂ ಸಾಮಾನ್ಯ ಪಾಲಿಸಿಯ ಹೊರಗಿವೆ.

ಮುಂಗಾರಿಗೆ ಮುನ್ನ ಪಾಲಿಸಿ ಓದಿ

2018ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಬೇರೆಯವರಿಗಾದ ಹಾನಿಯನ್ನು ಭರಿಸುವ ಥರ್ಡ್ ಪಾರ್ಟಿ ವಿಮೆಯನ್ನು ಮೂರು ವರ್ಷಕ್ಕೆ ಮಾಡಿಸುವುದು ಕಡ್ಡಾಯವಾಯಿತು. ಹಾಗಾಗಿ ‘ಇನ್ಶೂರೆನ್ಸ್ ಇನ್ನೂ ಇದೆ’ ಎಂದು ನಂಬಿಕೊಂಡ ಹಲವರಲ್ಲಿ, ಸ್ವಂತ ಕಾರಿನ ಹಾನಿಯನ್ನು ಭರಿಸುವ ‘ಓನ್ ಡ್ಯಾಮೇಜ್’ ಭಾಗ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಮರ ಬಿದ್ದ ಮೇಲೆ ಇದು ತಿಳಿದರೆ ಯಾರೂ ಏನೂ ಮಾಡಲಾಗದು. ಮೇ ತಿಂಗಳಲ್ಲಿಯೇ ಎರಡೂ ದಿನಾಂಕಗಳನ್ನು ನೋಡಿಕೊಳ್ಳಿ.

ಓನ್ ಡ್ಯಾಮೇಜ್ ವಿಮೆಯಲ್ಲಿ ಪ್ರವಾಹ, ಬಿರುಗಾಳಿ, ಸಿಡಿಲಿನ ಜೊತೆಗೆ ಭೂಕುಸಿತ ಮತ್ತು ಬಂಡೆ ಜಾರುವುದು ಹೆಸರಿಟ್ಟು ಸೇರಿವೆ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಕಾಡಾನೆ ಕಾರನ್ನು ಜಖಂಗೊಳಿಸಿದರೆ ಅದೂ ಹೊರಗಿನ ಕಾರಣದಿಂದಾದ ಆಕಸ್ಮಿಕ ಹಾನಿಯಾಗಿ ಪರಿಗಣನೆಗೆ ಬರುತ್ತದೆ. ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಜೊತೆಗಿದ್ದರೆ ವಾದಕ್ಕೆ ಎಡೆಯಿರುವುದಿಲ್ಲ.

ಇನ್ನು ಆಡ್-ಆನ್‌ಗಳು, ಅಂದರೆ ಹೆಚ್ಚಿನ ಪ್ರೀಮಿಯಂ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆಗಳು. ನಿಲ್ ಡಿಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿಯೆಂದು ಹಣ ಕಡಿತವಾಗದಂತೆ ಮಾಡುವುದು), ಎಂಜಿನ್ ಪ್ರೊಟೆಕ್ಷನ್ ಮತ್ತು ರೋಡ್ ಸೈಡ್ ಅಸಿಸ್ಟೆನ್ಸ್, ಈ ಮೂರು ಕೊಡಗಿನ ಕಾರಿಗೆ ಇರಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಟ್ಯಾರಿಫ್ ಕಾಲದಿಂದ ಬಂದ ಪಾಲಿಸಿ ನಮೂನೆಯಲ್ಲಿ ಕಾರಿನ ಟೋಯಿಂಗ್‌ಗೆ ಇರುವ ಮಿತಿ 1,500 ರೂಪಾಯಿ. ಗಾಳಿಬೀಡಿನಿಂದ ಮೈಸೂರಿಗೆ ಕಾರು ಸಾಗಿಸಲು ಅದು ಎಲ್ಲಿಗೆ ಸಾಕು? ಹಲವು ತಯಾರಕರ ದೊಡ್ಡ ಬಾಡಿ ವರ್ಕ್‌ಶಾಪ್‌ಗೆ ನಾವು ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗುವುದರಿಂದ, ವಿಮಾ ಕಂಪನಿಯೇ ವರ್ಕ್‌ಶಾಪ್‌ಗೆ ಹಣ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಎಲ್ಲಿದೆ ಎಂಬುದನ್ನೂ ಮೊದಲೇ ವಿಚಾರಿಸಿಡಿ.

ಹೋಂಸ್ಟೇ ನಡೆಸುವವರಿಗೆ ಒಂದು ಎಚ್ಚರಿಕೆ. ವೈಟ್ ಬೋರ್ಡ್ ಕಾರಿನಲ್ಲಿ ಅತಿಥಿಗಳನ್ನು ಬಾಡಿಗೆಗೆ ಕರೆದೊಯ್ಯುವಾಗ ಅಪಘಾತವಾದರೆ, ಪಾಲಿಸಿಯ ಬಳಕೆಯ ಷರತ್ತು ಮುರಿದ ಕಾರಣಕ್ಕೆ ಕ್ಲೇಮ್ ತಿರಸ್ಕೃತವಾಗಬಹುದು. ಅತಿಥಿಗಳಿಗೆ ಯೆಲ್ಲೋ ಬೋರ್ಡ್ ವಾಹನವನ್ನೇ ಗೊತ್ತುಮಾಡಿಕೊಡಿ.

ಅವಘಡದ ಹೊತ್ತಿನಲ್ಲಿ

ನೀರಿನಲ್ಲಿ ನಿಂತ ಎಂಜಿನ್ ಅನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿ ಸೇರುವ ದಾರಿಯಿಂದ ಸಿಲಿಂಡರ್‌ಗೆ ನೀರು ನುಗ್ಗಿದ್ದರೆ, ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಕೆಲವೊಮ್ಮೆ ಬ್ಲಾಕ್ ಸೀಳುತ್ತದೆ. ಹೀಗೆ ಕೆಟ್ಟ ಎಂಜಿನ್ ಅನ್ನು ವಿಮಾ ಕಂಪನಿಗಳು ‘ಪರಿಣಾಮಜನ್ಯ ನಷ್ಟ’, ಅಂದರೆ ನೇರವಾಗಿ ಆದದ್ದಲ್ಲದ ನಷ್ಟವೆಂದು ಸಾಮಾನ್ಯವಾಗಿ ತಿರಸ್ಕರಿಸುತ್ತವೆ, ಎಂಜಿನ್ ಪ್ರೊಟೆಕ್ಷನ್ ಬೇಕೆನ್ನುವುದು ಈ ಕಾರಣಕ್ಕೇ. ಕರಡಿಗೋಡು, ನೆಲ್ಲಿಹುದಿಕೇರಿಯಂತಹ ಹೊಳೆದಂಡೆಯಲ್ಲಿ ಕಾರು ಮುಳುಗಿದ್ದರೆ, ನೀರು ಇಳಿದು ಅಪಾಯ ಕಳೆದ ಮೇಲೆ ನೀರಿನ ಗುರುತು ಕಾಣುವಂತೆ ಒಳಗೂ ಹೊರಗೂ ಫೋಟೊ ತೆಗೆದು, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಡಿಸಿ, ಟೋಯಿಂಗ್‌ಗೆ ಕಾಯಿರಿ. ಕೀ ತಿರುಗಿಸಿ ‘ನೋಡೋಣ’ ಎನ್ನುವ ಆಸೆಯನ್ನು ತಡೆದುಕೊಳ್ಳಿ.

ಮರ ಬಿದ್ದಿದ್ದರೆ, ಜೀವಕ್ಕೆ ಅಪಾಯವಿಲ್ಲದಿದ್ದಲ್ಲಿ, ಕೊಂಬೆ ಕಡಿದು ಸರಿಸುವ ಮೊದಲು ಫೋಟೊ ತೆಗೆಯಿರಿ. ನಂಬರ್ ಪ್ಲೇಟ್, ಮರ ಮತ್ತು ಸುತ್ತಲ ಜಾಗ ಒಂದೇ ಚಿತ್ರದಲ್ಲಿ ಬರಲಿ. ಆಮೇಲೆ ತಡಮಾಡದೆ ವಿಮಾ ಕಂಪನಿಗೆ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. ನೆಟ್‌ವರ್ಕ್ ಇಲ್ಲದೆ ತಡವಾದರೆ ಆ ಕಾರಣವನ್ನೂ ಬರೆಯಿರಿ. ಯಾರಿಗಾದರೂ ಗಾಯವಾಗಿದ್ದರೆ ಪೊಲೀಸ್ ಠಾಣೆಗೆ ತಿಳಿಸುವುದು ಕಡ್ಡಾಯ. ಎಮಿಷನ್ ಟೆಸ್ಟ್ ಸರ್ಟಿಫಿಕೇಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರಲ್ಲಿ ಸ್ಪಷ್ಟಪಡಿಸಿದೆ. ಡ್ರೈವಿಂಗ್ ಲೈಸೆನ್ಸ್ ವಿಷಯದಲ್ಲಿ ಅಂತಹ ರಿಯಾಯಿತಿ ಇಲ್ಲ.

ಸರ್ವೇಯರ್, ಎಸ್ಟಿಮೇಟ್, ಬಿಲ್

ಸರ್ವೇ ಆಗುವ ಮೊದಲು ಕೆಲಸ ಆರಂಭಿಸಲು ಬಿಡಬೇಡಿ. ಎಸ್ಟಿಮೇಟ್‌ನಲ್ಲಿ ಪ್ರತಿ ಭಾಗದ ಎದುರು ಬದಲಾವಣೆಯೋ ರಿಪೇರಿಯೋ ಎಂದು ಬರೆದಿರಬೇಕು. ಬಾಗಿಲಿನ ತಗ್ಗು ತಟ್ಟಿ ಸರಿಮಾಡುವುದರಲ್ಲಿ ತಪ್ಪಿಲ್ಲ, ಆದರೆ ಬಗ್ಗಿದ ಸಸ್ಪೆನ್ಷನ್ ಆರ್ಮ್, ಸ್ಟೀರಿಂಗ್ ರಾಡ್, ಡಿಕ್ಕಿಯಲ್ಲಿ ಎಳೆತ ತಿಂದ ಸೀಟ್ ಬೆಲ್ಟ್ ಇವುಗಳ ಬದಲಾವಣೆಗೆ ಪಟ್ಟು ಹಿಡಿಯಿರಿ. ಬಿಚ್ಚಿದ ಮೇಲೆ ಒಳಗಿನ ಹೊಸ ಹಾನಿ ಕಂಡರೆ ವರ್ಕ್‌ಶಾಪ್ ಪೂರಕ ಎಸ್ಟಿಮೇಟ್ ಕಳುಹಿಸಿ ಸರ್ವೇಯರ್ ಒಪ್ಪಿಗೆ ಪಡೆಯಬೇಕು. ಈ ಹೆಜ್ಜೆ ತಪ್ಪಿದರೆ ಆ ಮೊತ್ತ ನಿಮ್ಮ ಹೆಗಲಿಗೆ ಬೀಳುತ್ತದೆ.

ನಿಲ್ ಡಿಪ್ ಇಲ್ಲದಿದ್ದರೆ ಎಷ್ಟು ಕಡಿತವಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಶೇ. 50, ಫೈಬರ್‌ಗೆ ಶೇ. 30, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗೆ ತಕ್ಕಂತೆ. ಉದಾಹರಣೆಗೆ ಮೂರು ವರ್ಷ ದಾಟಿ ನಾಲ್ಕು ತುಂಬದ ಕಾರಿಗೆ 12,000 ರೂಪಾಯಿಯ ಬಂಪರ್, 16,000 ರೂಪಾಯಿಯ ಬಾಗಿಲು, 20,000 ರೂಪಾಯಿಯ ಪೇಂಟಿಂಗ್ ಎಂದಿಟ್ಟುಕೊಳ್ಳಿ. ಬಂಪರ್‌ನಲ್ಲಿ 6,000, ಬಾಗಿಲಿನಲ್ಲಿ ಶೇ. 25ರಂತೆ 4,000, ಪೇಂಟಿಂಗ್ ಬಿಲ್‌ನ ಕಾಲುಭಾಗವನ್ನು ಬಣ್ಣದ ಬೆಲೆಯೆಂದು ಹಿಡಿದು ಅದರ ಅರ್ಧ 2,500, ಜೊತೆಗೆ 1500 ಸಿಸಿ ಒಳಗಿನ ಕಾರಿನ ಕಡ್ಡಾಯ ಕಡಿತ 1,000. ಒಟ್ಟು 13,500 ರೂಪಾಯಿ ನಿಮ್ಮದೇ.

ಸಣ್ಣ ಗೀರಿಗೆ ಕ್ಲೇಮ್ ಹಾಕುವ ಮೊದಲು, ಕ್ಲೇಮ್ ಹಾಕದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ನೆನಪಿರಲಿ. ಅದು 20, 25, 35, 45, 50 ಶೇಕಡದಂತೆ ಏರುತ್ತದೆ, ಸಾಮಾನ್ಯವಾಗಿ ಒಂದೇ ಕ್ಲೇಮ್‌ಗೆ ಸೊನ್ನೆಗೆ ಇಳಿಯುತ್ತದೆ. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 12,000 ರೂಪಾಯಿಯಲ್ಲೇ ಇದ್ದರೆ, ಶೇ. 50 ತಲುಪಿದವರು ಮತ್ತೆ ಅಲ್ಲಿಗೆ ಮುಟ್ಟುವವರೆಗೆ ಕಳೆದುಕೊಳ್ಳುವ ಮೊತ್ತ ಸುಮಾರು 15,000 ರೂಪಾಯಿ. ಅದಕ್ಕಿಂತ ಕಡಿಮೆಯ ಕೆಲಸವನ್ನು ಕೈಯಿಂದ ಹಣ ಹಾಕಿ ಮಾಡಿಸುವುದೇ ಮೇಲು. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೂ ಈ ಬೋನಸ್ ಹೋಗುತ್ತದೆ.

ಕಾರು ಹಿಂದಕ್ಕೆ ಪಡೆಯುವಾಗ ಸಂಜೆಯ ಮಬ್ಬಿನಲ್ಲಿ ಸಹಿ ಹಾಕಬೇಡಿ. ಹಗಲು ಬೆಳಕಿನಲ್ಲಿ ಬಣ್ಣ ಮತ್ತು ಬಾಗಿಲಿನ ಸಂದುಗಳನ್ನು ನೋಡಿ, ಪೈಪಿನಿಂದ ನೀರು ಹಾಯಿಸಿ ಒಳಗೆ ಸೋರುತ್ತದೆಯೇ ಪರೀಕ್ಷಿಸಿ, ಅಲೈನ್‌ಮೆಂಟ್ ವರದಿ ಕೇಳಿ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರಾದರೆ, ಗಾಜು ಬದಲಿಸಿದ ಮೇಲೆ ಅದನ್ನು ಕ್ಯಾಲಿಬ್ರೇಟ್ ಮಾಡಿದ ದಾಖಲೆ ಬೇಕು. ಉಳಿದ ಕೊರತೆಗಳನ್ನು ಸಹಿಯ ಮೇಲೆಯೇ ಬರೆಯಿರಿ.

ಕ್ಲೇಮ್ ನಿರಾಕರಿಸಿದರೆ

ಐಆರ್‌ಡಿಎಐಯ 2024ರ ನಿರ್ದೇಶನಗಳ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಗಳಲ್ಲಿ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ಅವರ ವರದಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನಿಸಬೇಕು. ನಿರಾಕರಣೆ ಅಥವಾ ಕಡಿತಕ್ಕೆ ಪಾಲಿಸಿಯ ಯಾವ ಷರತ್ತು ಆಧಾರವೆಂದು ಲಿಖಿತವಾಗಿ ಕೇಳಿ, ಸರ್ವೇ ವರದಿಯ ಪ್ರತಿ ಪಡೆಯಿರಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವರ್ಕ್‌ಶಾಪ್‌ನ ಕಳಪೆ ಕೆಲಸ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬೇಕು, ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ ಮತ್ತು ಫೋಟೊಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು.