‘ಒಲ್ಲೆ’ ಎಂದವರ ಮನೆಗೆ ಮತ್ತೆ ಹೋದಾಗ

ಚಿತ್ತಾಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿಯಾಗಿದ್ದೇನೆ. ನನ್ನ ವ್ಯಾಪ್ತಿಯ ಹಳ್ಳಿಗಳ ಯುವಕರಲ್ಲಿ ಹಲವರು ಕಲ್ಲಿನ ಗಣಿಗಳಿಗೆ ಮತ್ತು ಕಲ್ಲು ಪಾಲಿಶ್ ಮಾಡುವ ಘಟಕಗಳಿಗೆ ದುಡಿಯಲು ಹೋಗುತ್ತಾರೆ. ಕೆಲವರು ತೊಗರಿ ರಾಶಿ ಮುಗಿದ ಕೂಡಲೇ ಪುಣೆ, ಮುಂಬಯಿ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಪ್ರತಿ ಗುರುವಾರ ಮಕ್ಕಳಿಗೆ ಲಸಿಕೆ ಹಾಕುವುದು ನನಗೆ ರೂಢಿಯಾದ ಕೆಲಸವಾಗಿತ್ತು. ಆದರೆ 2021ರ ಮೇ 1ರಿಂದ 18ರಿಂದ 44 ವರ್ಷದವರಿಗೂ ಕೋವಿಡ್ ಲಸಿಕೆ ಎಂದಾಗ, ತಾಯಿಯ ತೊಡೆಯ ಮೇಲಿನ ಕೂಸಿನ ಬದಲು, ಬೇಕು ಬೇಡಗಳನ್ನು ತಾನೇ ತೀರ್ಮಾನಿಸಬಲ್ಲ ವಯಸ್ಕನೊಬ್ಬನ ಎದುರು ಕುಳಿತು ಈ ಮಾತನ್ನು ಹೇಗೆ ಆಡಬೇಕೆಂಬುದು ನನಗೆ ತಿಳಿದಿರಲಿಲ್ಲ.

ಮೊದಲ ವಾರಗಳಲ್ಲಿ ಬರಲು ಸಿದ್ಧರಿದ್ದವರಿಗೂ ಲಸಿಕೆ ಸಿಗಲಿಲ್ಲ. ಮೊಬೈಲ್‌ನಲ್ಲಿ ನೋಂದಣಿ ಕಡ್ಡಾಯವಾಗಿತ್ತು, ದಾಸ್ತಾನು ಕಡಿಮೆಯಿತ್ತು, ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಿದರು. ಜೂನ್ 21ರ ನಂತರ ಉಚಿತ ಲಸಿಕೆ ಧಾರಾಳವಾಗಿ ಬರತೊಡಗಿದಾಗ, ಹಾಗೆ ಮರಳಿದವರಲ್ಲಿ ಕೆಲವರು ಕರೆದರೂ ಬರಲಿಲ್ಲ. ಅವರ ಹೆಸರುಗಳ ಮುಂದೆ ನಾನು ‘ನಿರಾಕರಣೆ’ ಎಂದು ಬರೆದುಕೊಂಡೆ. ಅದು ಸರಿಯಲ್ಲವೆಂದು ಈಗ ಅನ್ನಿಸುತ್ತದೆ, ಏಕೆಂದರೆ ಅವರು ಲಸಿಕೆಯನ್ನು ನಿರಾಕರಿಸಿರಲಿಲ್ಲ, ಇನ್ನೊಂದು ದಿನದ ಕೂಲಿ ಕಳೆದುಕೊಳ್ಳಲು ಒಪ್ಪಿರಲಿಲ್ಲ.

ನಿಜವಾಗಿಯೂ ಬೇಡವೆಂದವರ ಮಾತು ಬೇರೆ ಇತ್ತು. ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಆ ಸುದ್ದಿ ಇಲ್ಲಿನ ಪ್ರತಿ ಮನೆಯಲ್ಲೂ ನೆನಪಿತ್ತು, ಮತ್ತು ಯುವಕರು ಅದರಿಂದ ಒಂದು ಅರ್ಥ ತೆಗೆದಿದ್ದರು: ‘ನಮಗ್ಯಾಕ್ರಿ ಅಕ್ಕಾ, ಅದು ವಯಸ್ಸಾದವರ ಬ್ಯಾನಿ.’ ಇದಕ್ಕೆ ನಾನು ಸಾವಿನ ಅಂಕಿಗಳನ್ನು ಓದಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಎದ್ದುಹೋಗುತ್ತಿದ್ದರು.

ನನ್ನ ದೊಡ್ಡ ತಪ್ಪು ನಡೆದದ್ದು ಆಗಸ್ಟ್‌ನಲ್ಲಿ. ಪಾಲಿಶ್ ಘಟಕದಲ್ಲಿ ದುಡಿಯುವ ಇಪ್ಪತ್ತೆರಡರ ಹುಡುಗನೊಬ್ಬನಿಗೆ, ‘ಏನೂ ಆಗಂಗಿಲ್ಲ ತಮ್ಮಾ, ಬಾ’ ಎಂದು ಹೇಳಿ, ದಾರಿಯಲ್ಲೇ ಕರೆದು ಸೂಜಿ ಹಾಕಿಸಿದೆ. ಅದೇ ರಾತ್ರಿ ಅವನಿಗೆ ಜ್ವರ ಮತ್ತು ಮೈಕೈ ನೋವು ಬಂದು, ಎರಡು ದಿನದ ಹಾಜರಿ ಹೋಯಿತು. ಮುಂದಿನ ವಾರ ಅವನ ಓಣಿಯಲ್ಲಿ ಒಬ್ಬ ಯುವಕನೂ ನನ್ನೊಡನೆ ಮಾತಿಗೆ ನಿಲ್ಲಲಿಲ್ಲ. ಮೂರು ದಿನ ಹಿಂದೆಮುಂದೆ ನೋಡಿ, ಕೊನೆಗೆ ಆಶಾ ಕಾರ್ಯಕರ್ತೆಯೊಡನೆ ಅವನ ಮನೆಗೆ ಹೋದೆ. ಜ್ವರ ಬರಬಹುದೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ, ಅದು ನನ್ನ ತಪ್ಪು ಎಂದು ಅವನ ತಾಯಿಯ ಎದುರಿಗೇ ಒಪ್ಪಿಕೊಂಡೆ. ಅವನು ಸಿಟ್ಟು ಮಾಡಲಿಲ್ಲ. ‘ಮೊದಲೇ ಹೇಳಿದ್ರ ಸೂಟಿ ಹಿಂದಿನ ದಿನ ಹಾಕಿಸ್ಕೋತಿದ್ದೆ ಅಕ್ಕಾ’ ಎಂದ, ಅಷ್ಟೇ. ನನ್ನ ಅರಿವಿಗೇ ಬಾರದಿದ್ದ ಪರಿಹಾರವನ್ನು ಅವನೇ ಹೇಳಿದ್ದ. ಅಂದಿನಿಂದ ಆ ಓಣಿಯ ಶಿಬಿರವನ್ನು ಘಟಕದ ವಾರದ ರಜೆಯ ಹಿಂದಿನ ಸಂಜೆಗೆ ಬದಲಿಸಿದೆವು. ಸೂಜಿಗೆ ಮೊದಲೇ ಜ್ವರದ ಮಾತು ಹೇಳಿ, ಪ್ಯಾರಾಸಿಟಮಾಲ್ ಗುಳಿಗೆ ಕೈಗಿತ್ತು, ಮರುದಿನ ಬೆಳಿಗ್ಗೆ ಆಶಾ ಮನೆಗೆ ಬಂದು ವಿಚಾರಿಸುತ್ತಾಳೆಂದು ತಿಳಿಸುವುದನ್ನು ರೂಢಿಸಿಕೊಂಡೆ. ಅರ್ಧ ಗಂಟೆ ಕೂರಿಸಿ ನೋಡಿಕೊಳ್ಳುವ ನಿಯಮವಿತ್ತಲ್ಲ, ಆ ಅರ್ಧ ಗಂಟೆಯಲ್ಲೇ ಅತ್ಯಂತ ಒಳ್ಳೆಯ ಮಾತುಕತೆ ನಡೆಯುತ್ತಿತ್ತು.

ಇನ್ನೊಂದು ವಿಷಯವನ್ನು ಗಣಿಯ ಹುಡುಗರೇ ನನಗೆ ತೋರಿಸಿಕೊಟ್ಟರು. ಲಸಿಕೆ ಒಲ್ಲೆನೆಂದ ಅದೇ ಯುವಕ, ಕಾಲಿಗೆ ಕಬ್ಬಿಣದ ಚೂರು ಚುಚ್ಚಿದರೆ ಯಾರೂ ಕರೆಯದೆ ಉಪಕೇಂದ್ರಕ್ಕೆ ಬಂದು ‘ಟಿಟಿ ಹಾಕ್ರಿ’ ಎಂದು ತೋಳು ಮುಂದೆ ಮಾಡುತ್ತಾನೆ. 2019ರಿಂದ ಅದರ ಜಾಗದಲ್ಲಿ ಗಂಟಲಮಾರಿಯನ್ನೂ ತಡೆಯುವ ಟಿಡಿ ಬಂದಿದೆ, ಆದರೂ ಎಲ್ಲರ ಬಾಯಲ್ಲಿ ಅದು ಟಿಟಿಯೇ. ಅದೂ ಒಂದು ಲಸಿಕೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಾಯ ಕಣ್ಣಿಗೆ ಕಾಣುತ್ತದೆ, ಧನುರ್ವಾಯು ಬಂದವರ ಕಥೆ ಊರಿನಲ್ಲಿದೆ, ಆದ್ದರಿಂದ ಸಂದೇಹಕ್ಕೆ ಎಡೆಯಿಲ್ಲ. ಹಾಗಾದರೆ ಇವರು ಸೂಜಿಗೆ ಹೆದರುವವರಲ್ಲ, ವಿಜ್ಞಾನವನ್ನು ದೂರ ಮಾಡುವವರೂ ಅಲ್ಲ. ತಮಗೆ ಅಪಾಯವಿದೆಯೆಂಬುದಷ್ಟೇ ಅವರಿಗೆ ಕಾಣುತ್ತಿಲ್ಲ. ನಾನು ಟಿಟಿಯ ಮಾತಿನಿಂದಲೇ ಆರಂಭಿಸತೊಡಗಿದೆ. ಆದರೆ ಎರಡೂ ಒಂದೇ ಎಂದು ಹೇಳಲಿಲ್ಲ. ಕೋವಿಡ್ ಲಸಿಕೆ ಹಾಕಿಸಿಕೊಂಡರೂ ಸೋಂಕು ತಗಲಬಹುದು, ಆಸ್ಪತ್ರೆ ಸೇರುವಷ್ಟು, ಆಮ್ಲಜನಕ ಬೇಕಾಗುವಷ್ಟು ಕಾಯಿಲೆ ಏರುವ ಸಂಭವ ಮಾತ್ರ ಬಹಳ ಕಡಿಮೆಯಾಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದೆ. ಅದು ಏನನ್ನು ಮಾಡುವುದಿಲ್ಲ ಎಂಬುದನ್ನು ಹೇಳಿದ ಮೇಲೆಯೇ ಏನು ಮಾಡುತ್ತದೆ ಎಂಬುದನ್ನು ಅವರು ನಂಬಿದರು.

ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿತ್ತು. ‘ಬಸುರಿದ್ದೋರಿಗೆ ಬ್ಯಾಡ ಅಂತೀರಿ, ನಾಳಿ ಬಸುರಾಗೋಳಿಗಿ ಹ್ಯಾಂಗ ನಡೀತದ್ರಿ ಸಿಸ್ಟರ್?’ ಎಂದು ಒಬ್ಬಳು ಕೇಳಿದಳು. ಗರ್ಭಿಣಿಯರಿಗೆ ಲಸಿಕೆಗೆ ಅನುಮತಿ ಬಂದದ್ದು 2021ರ ಜುಲೈ 2ರಂದು; ಅವಳು ಕೇಳಿದ್ದು ಅದಕ್ಕೂ ಮೊದಲು. ಇದನ್ನು ಅಜ್ಞಾನವೆಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ, ಏಕೆಂದರೆ ಅವಳಿಗೆ ಗೊತ್ತಿದ್ದಷ್ಟರ ಮೇಲೆ ಆ ತರ್ಕ ಸರಿಯಾಗಿಯೇ ಇತ್ತು. ಹಾನಿ ಕಂಡುಬಂದಿದ್ದರಿಂದ ತಡೆದದ್ದಲ್ಲ, ಆರಂಭದ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲವಾದ್ದರಿಂದ ಕಾಯ್ದದ್ದು ಎಂದು ವಿವರಿಸಿದೆ. ಮುಟ್ಟಿನ ದಿನಗಳ ಹಿಂದೆ ಮುಂದೆ ಲಸಿಕೆ ಬೇಡವೆಂಬ ಸಂದೇಶವೂ ವಾಟ್ಸಾಪ್‌ನಲ್ಲಿ ಹರಿದಾಡುತ್ತಿತ್ತು. ಮುಟ್ಟಿಗೂ ಲಸಿಕೆಗೂ ಸಂಬಂಧವೇ ಇಲ್ಲವೆಂದು ಆಗ ಹೇಳಿದ್ದೆ. ಮುಂದೆ ವಿದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಲಸಿಕೆಯ ನಂತರದ ಮುಟ್ಟು ಸರಾಸರಿ ಒಂದು ದಿನಕ್ಕೂ ಕಡಿಮೆ ತಡವಾಗಿ, ಬಳಿಕ ಮೊದಲಿನಂತಾಗುತ್ತದೆಂದು ಕಂಡುಬಂದಾಗ, ತಾಯಂದಿರ ಸಭೆಯಲ್ಲಿ ನನ್ನ ಮಾತನ್ನು ನಾನೇ ತಿದ್ದಿದೆ. ಸಲಿಗೆಯಿಂದ ಮಾತನಾಡಲು ಇಂಥವರನ್ನು ಮೊದಲು ಒಬ್ಬರನ್ನೇ ಭೇಟಿಯಾಗಿ, ಆಮೇಲೆ ಅವರ ಒಪ್ಪಿಗೆಯಿದ್ದರೆ ಮಾತ್ರ ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಳ್ಳುತ್ತಿದ್ದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಹೃದಯಾಘಾತದ ಭಯ ಯುವಕರಲ್ಲಿ ಆಳವಾಗಿ ಕುಳಿತಿತು. ಅದರ ಬೆನ್ನಿಗೇ ನವೆಂಬರ್‌ನಲ್ಲಿ ಮನೆಮನೆಗೆ ತೆರಳುವ ‘ಹರ್ ಘರ್ ದಸ್ತಕ್’ ಅಭಿಯಾನ ಬಂತು. ಅಗಸಿ ಕಟ್ಟೆಯ ಮೇಲೆ ಹುಡುಗರು ಮೊಬೈಲ್ ಹಿಡಿದು ವಿಡಿಯೊ ತೋರಿಸಿದರೆ, ಸುಳ್ಳೆಂದು ಕೂಡಲೇ ತಳ್ಳಿಹಾಕದೆ ಕುಳಿತು ಪೂರ್ತಿ ನೋಡುತ್ತಿದ್ದೆ, ಇದರಲ್ಲಿ ನಿನಗೆ ಹೆದರಿಕೆ ಹುಟ್ಟಿಸಿದ್ದು ಯಾವುದು ಎಂದು ಕೇಳುತ್ತಿದ್ದೆ. ಲಸಿಕೆಯಿಂದಲೇ ಹೃದಯಾಘಾತವಾಗುತ್ತದೆಯೇ ಎಂಬ ಅವರ ಪ್ರಶ್ನೆ ಇಂದಿಗೂ ಬರುತ್ತದೆ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಮಾತು ಹೇಳುತ್ತೇನೆ: 2023ರಲ್ಲಿ ಪ್ರಕಟವಾದ ಅದು 47 ಆಸ್ಪತ್ರೆಗಳ ನೆರವಿನಿಂದ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರಿಶೀಲಿಸಿ, ಲಸಿಕೆಯಿಂದ ಆ ಅಪಾಯ ಹೆಚ್ಚಿಲ್ಲವೆಂದು ಕಂಡುಕೊಂಡಿತು, ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಾಗಿದ್ದು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಅತಿಯಾಗಿ ಕುಡಿದದ್ದು ಅಥವಾ ಮೈಮುರಿಯುವ ದೈಹಿಕ ಶ್ರಮ ಮಾಡಿದ್ದು ಅಪಾಯದ ಕಡೆಗಿದ್ದವು. ಇದರ ಜೊತೆಗೆ, ಕೋವಿಶೀಲ್ಡ್‌ನಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಬರುವುದು ನಿಜವೆಂದೂ, ಅದು ಡೋಸ್ ಪಡೆದ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವಂಥದ್ದೆಂದೂ ಹೇಳುತ್ತೇನೆ. ಮುಚ್ಚಿಟ್ಟರೆ ಅದೇ ಮಾತು ನಾಳೆ ಬೇರೆ ಬಾಯಿಂದ ದೊಡ್ಡದಾಗಿ ಬರುತ್ತದೆ.

ಈಗ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ಪದವಿ ಓದುವ ಹುಡುಗಿಯರು ಕೇಳುತ್ತಾರೆ. ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ದೊರೆತು, 26 ವರ್ಷದವರೆಗೂ ಅದನ್ನು ಪಡೆಯಬಹುದಾಗಿದೆ. 15 ದಾಟಿದವರಿಗೆ ಮೂರು ಡೋಸ್. ಕಳೆದ ತಿಂಗಳು ಇಪ್ಪತ್ತರ ಒಬ್ಬಳು ಎಲ್ಲವನ್ನೂ ಕೇಳಿಸಿಕೊಂಡು, ‘ಇದು ಹಾಕಿಸ್ಕೊಂಡ್ರ ಮಂದಿ ನನ್ನ ನಡತಿ ಬಗ್ಗೆ ಏನಂತಾರ್ರಿ?’ ಎಂದು ಮೆಲ್ಲನೆ ಕೇಳಿದಳು. ಮದುವೆಗೆ ಮುಂಚೆ ಹಾಕಿಸಿಕೊಂಡರೆ ಹೆಚ್ಚು ಫಲ ಎಂಬ ಕಾರಣ ಹೇಳಿದೆ, ಒತ್ತಾಯಿಸಲಿಲ್ಲ. ತಾಯಿಯನ್ನು ಕೇಳಿ ಹೇಳುತ್ತೇನೆಂದು ಹೋಗಿದ್ದಾಳೆ. ಬರುವ ಗುರುವಾರ ಅವಳ ಓಣಿಯ ಅಂಗನವಾಡಿಯಲ್ಲಿ ಮಕ್ಕಳ ಲಸಿಕೆಯಿದೆ. ಅದು ಮುಗಿದ ಮೇಲೆ ಅವರ ಮನೆಗೆ ಹೋಗಿ ಬರುತ್ತೇನೆ.