ಮಕ್ಕಳಿಗೆ ‘ಯಾಕೆ’ ಬರೆಯಲು ಕಲಿಸಿದ್ದು: ನನ್ನ ಅನುಭವ

ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ವಿವರಣೆ ಬರೆಯುವುದನ್ನು ಕಲಿಸುತ್ತಾ ಬಂದಿದ್ದೇನೆ. ವಿವರಣೆ ಅಂದರೆ ಒಂದು ಸಂಗತಿ ಹೇಗೆ ಆಗುತ್ತದೆ, ಯಾಕೆ ಆಗುತ್ತದೆ ಅಂತ ತಿಳಿಸುವ ಬರಹ. ಇದರಲ್ಲಿ ಮೊದಲ ತೊಡಕು ಆ ಪದದಲ್ಲೇ ಇದೆ. ‘ಹೂವಿನ ಭಾಗಗಳನ್ನು ವಿವರಿಸಿ’ ಅಂತಲೂ ಕೇಳುತ್ತೇವೆ, ‘ಹಗಲು ರಾತ್ರಿ ಆಗುವುದನ್ನು ವಿವರಿಸಿ’ ಅಂತಲೂ ಕೇಳುತ್ತೇವೆ. ಮೊದಲನೆಯದಕ್ಕೆ ಏನೇನಿದೆ ಅಂತ ಹೇಳಿದರೆ ಸಾಕು, ಎರಡನೆಯದಕ್ಕೆ ಕಾರಣ ಹೇಳಲೇಬೇಕು. ಮಗುವಿಗೆ ಈ ವ್ಯತ್ಯಾಸ ಗೊತ್ತಾಗೋದು ಹೇಗೆ? ಹಾಗಾಗಿ ನಮ್ಮ ತರಗತಿಯಲ್ಲಿ ಇದಕ್ಕೆ ‘ಯಾಕೆ-ಹೇಗೆ ಬರಹ’ ಅಂತಲೇ ಹೆಸರಿಟ್ಟಿದ್ದೇವೆ.

ಮೊದಲ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ಗೋಡೆಗೆ ಒಂದು ಚಾರ್ಟ್ ಹಾಕಿದೆ: ಮೊದಲು, ನಂತರ, ಆಮೇಲೆ, ಕೊನೆಗೆ. ಈ ಪದಗಳನ್ನು ಬಳಸಿ ಮಳೆ ಹೇಗೆ ಬರುತ್ತದೆ ಅಂತ ಬರೆಯಿರಿ ಅಂದೆ. ಎಲ್ಲರೂ ಅಚ್ಚುಕಟ್ಟಾಗಿ ಬರೆದರು. ‘ಮೊದಲು ಬಿಸಿಲು ಬರುತ್ತದೆ. ನಂತರ ನೀರು ಮೇಲೆ ಹೋಗುತ್ತದೆ. ಆಮೇಲೆ ಮೋಡ ಆಗುತ್ತದೆ. ಕೊನೆಗೆ ಮಳೆ ಬರುತ್ತದೆ.’ ಸಾಲು ಸರಿ, ಕ್ರಮ ಸರಿ, ಆದರೆ ಇಡೀ ಬರಹದಲ್ಲಿ ಒಂದೇ ಒಂದು ಕಾರಣ ಇಲ್ಲ. ನೀರು ಯಾಕೆ ಮೇಲೆ ಹೋಗುತ್ತದೆ? ಮೋಡ ಯಾಕೆ ಆಗುತ್ತದೆ? ನಾನು ಕೊಟ್ಟಿದ್ದೇ ಕ್ರಮ ಹೇಳುವ ಪದಗಳು, ಮಕ್ಕಳು ಕ್ರಮವನ್ನೇ ಬರೆದರು. ‘ಆಮೇಲೆ’ ಬೇರೆ, ‘ಅದರಿಂದ’ ಬೇರೆ ಅಂತ ನನಗೆ ಸ್ಪಷ್ಟವಾಗಿದ್ದು ಆ ನೋಟ್‌ಬುಕ್ಕುಗಳನ್ನು ತಿದ್ದುತ್ತಾ ಕೂತಾಗ.

ಈಗ ನಾನು ಬರೆಸುವುದರಿಂದ ಶುರು ಮಾಡುವುದೇ ಇಲ್ಲ, ಗುರುತಿಸುವುದರಿಂದ ಶುರು ಮಾಡುತ್ತೇನೆ. ಒಂದೇ ವಸ್ತುವಿನ ಬಗ್ಗೆ ನಾಲ್ಕು ಚಿಕ್ಕ ಬರಹ ಕೊಡುತ್ತೇನೆ. ನನಗೆ ಚೆನ್ನಾಗಿ ಒದಗಿಬಂದಿರುವುದು ಸೈಕಲ್. ಒಂದರಲ್ಲಿ ಯಾರೋ ಸೈಕಲ್ ಕಲಿತ ಅನುಭವ ಇದೆ, ಇನ್ನೊಂದರಲ್ಲಿ ಸೈಕಲ್ಲಿನ ಭಾಗಗಳ ಪರಿಚಯ, ಮೂರನೆಯದು ಪಂಕ್ಚರ್ ಹಾಕುವ ವಿಧಾನ, ನಾಲ್ಕನೆಯದು ಬ್ರೇಕ್ ಹಿಡಿದರೆ ಸೈಕಲ್ ಯಾಕೆ ನಿಲ್ಲುತ್ತದೆ ಅನ್ನುವುದು. ಶೀರ್ಷಿಕೆ ಮಾತ್ರ ತೆಗೆದಿರುತ್ತೇನೆ, ಇಲ್ಲದಿದ್ದರೆ ಮಕ್ಕಳು ಶೀರ್ಷಿಕೆ ನೋಡಿಯೇ ಹೇಳಿಬಿಡುತ್ತಾರೆ.

ಆಮೇಲೆ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆಯಲು ಹೇಳುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದಲ್ವಾ, ಅದು ಇಲ್ಲಿ ತುಂಬಾ ಅನುಕೂಲ. ಅನುಭವದ ಬರಹದಲ್ಲಿ ‘ಹತ್ತಿದೆ, ಬಿದ್ದೆ, ಎದ್ದೆ’ ಸಿಗುತ್ತದೆ. ಪರಿಚಯದಲ್ಲಿ ‘ಇದೆ, ಇವೆ’. ವಿಧಾನದಲ್ಲಿ ‘ಬಿಚ್ಚಿ, ಉಜ್ಜಿ, ಅಂಟಿಸಿ’. ವಿವರಣೆಯಲ್ಲಿ ‘ಎಳೆಯುತ್ತದೆ, ಒತ್ತುತ್ತದೆ, ನಿಧಾನವಾಗುತ್ತದೆ’. ನಾನು ಏನೂ ಹೇಳುವ ಮೊದಲೇ ಒಬ್ಬ ಹುಡುಗಿ, ‘ಇದರಲ್ಲಿ ಯಾರೂ ಏನೂ ಮಾಡ್ತಾ ಇಲ್ಲ, ತಾನಾಗೇ ಆಗ್ತಾ ಇದೆ’ ಅಂದಳು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಆ ಮಾತನ್ನೇ ಬೋರ್ಡಿನ ಮೇಲೆ ಬರೆದಿಟ್ಟೆ.

ಗುರುತಿಸುವುದು ಎರಡು ದಿನದ ಕೆಲಸ. ಕಾರಣ ಜೋಡಿಸುವುದಕ್ಕೆ ವಾರಗಳೇ ಬೇಕು.

ಇಲ್ಲಿ ನಾನು ಮಕ್ಕಳನ್ನೇ ಕೊಂಡಿಗಳಾಗಿ ನಿಲ್ಲಿಸುತ್ತೇನೆ. ಒಬ್ಬಳು ಬ್ರೇಕಿನ ಹಿಡಿ, ಒಬ್ಬ ತಂತಿ, ಒಬ್ಬ ಎರಡು ತೋಳು, ಒಬ್ಬಳು ರಬ್ಬರ್, ಒಬ್ಬ ಚಕ್ರದ ರಿಮ್. ಪ್ರತಿಯೊಬ್ಬರೂ ಪಕ್ಕದವರಿಗೆ ತಾವು ಏನು ಮಾಡುತ್ತೇವೆ ಅಂತ ಹೇಳಬೇಕು. ‘ನನ್ನನ್ನು ಒತ್ತಿದರೆ ನಾನು ತಂತಿಯನ್ನು ಎಳೆಯುತ್ತೇನೆ.’ ‘ನಾನು ಬಿಗಿಯಾದರೆ ತೋಳುಗಳು ಹತ್ತಿರ ಬರುತ್ತವೆ.’ ‘ನಾವು ಹತ್ತಿರ ಬಂದರೆ ರಬ್ಬರ್ ರಿಮ್ಮಿಗೆ ಒತ್ತಿಕೊಳ್ಳುತ್ತದೆ.’ ಒತ್ತಿಕೊಂಡಾಗ ಘರ್ಷಣೆ, ಘರ್ಷಣೆಯಿಂದ ಚಕ್ರದ ಚಲನೆ ಬಿಸಿಯಾಗಿ ಮಾರ್ಪಡುತ್ತದೆ, ವೇಗ ಕಡಿಮೆಯಾಗುತ್ತದೆ. ಇದು ನಿಜವಾ ಅಂತ ನೋಡಲು ಅಂಗೈಗಳನ್ನು ಜೋರಾಗಿ ಉಜ್ಜಿ ಕೆನ್ನೆಗೆ ಇಟ್ಟುಕೊಳ್ಳಲು ಹೇಳುತ್ತೇನೆ. ಆಮೇಲೆ ಒಬ್ಬರನ್ನು ಕೂರಿಸುತ್ತೇನೆ, ತಂತಿಯನ್ನು ಅಂತಿಟ್ಟುಕೊಳ್ಳಿ. ಈಗ ಹಿಡಿ ಒತ್ತಿದರೆ ಏನಾಗುತ್ತದೆ? ಏನೂ ಆಗಲ್ಲ. ಬರಹದಲ್ಲೂ ಅಷ್ಟೇ, ನಡುವಿನ ಒಂದು ವಾಕ್ಯ ಬಿಟ್ಟರೆ ಓದುವವನು ಅಲ್ಲೇ ನಿಂತುಬಿಡುತ್ತಾನೆ.

ಇನ್ನೊಂದು ತೊಡಕು ಕನ್ನಡದ್ದೇ. ನಾವು ‘ಬಿಸಿಲು ಬಿದ್ದು ನೀರು ಆರುತ್ತದೆ’ ಅಂತ ಹೇಳುತ್ತೇವೆ. ಈ ‘ಬಿದ್ದು’ ಇದೆಯಲ್ಲ, ಅದು ಬಿದ್ದ ಮೇಲೆ ಅಂತಲಾ ಬಿದ್ದದ್ದರಿಂದ ಅಂತಲಾ? ಮಾತಿನಲ್ಲಿ ನಡೆಯುತ್ತದೆ, ಕೇಳುವವರು ಊಹಿಸಿಕೊಳ್ಳುತ್ತಾರೆ. ಆದರೆ ಕಲಿಯುವ ಮಗು ‘ಬಂದು, ಹೋಗಿ, ಆಗಿ’ ಅಂತ ಪೋಣಿಸುತ್ತಾ ಹೋದರೆ ಅದಕ್ಕೆ ಕಾರಣ ಗೊತ್ತಿದೆಯೋ ಇಲ್ಲವೋ ನಮಗೇ ತಿಳಿಯುವುದಿಲ್ಲ. ಅಂಥ ಕಡೆ ನಾನು ಪೆನ್ಸಿಲಿನಲ್ಲಿ ಸುಮ್ನೆ ಒಂದು ಸುತ್ತು ಹಾಕುತ್ತೇನೆ. ಮಗು ಆ ವಾಕ್ಯವನ್ನು ಎರಡು ರೀತಿ ಬಿಡಿಸಿ ಬರೆಯಬೇಕು: ಕಾರಣ ಮೊದಲು ಬಂದರೆ ‘ಆದ್ದರಿಂದ’, ಪರಿಣಾಮ ಮೊದಲು ಬಂದರೆ ‘ಯಾಕೆಂದರೆ’. ತಿರುಗಿಸಿ ಬರೆಯಲು ಬಂದರೆ ಅರ್ಥವಾಗಿದೆ ಅಂತ ನಂಬುತ್ತೇನೆ. ಬರೀ ಪದ ಕೊಟ್ಟರೆ ಸಾಲದು, ಆಗ ‘ಚಕ್ರ ಗುಂಡಗಿದೆ, ಆದ್ದರಿಂದ ಸೈಕಲ್ಲಿಗೆ ಎರಡು ಚಕ್ರ ಇವೆ’ ಅನ್ನುವಂಥ ವಾಕ್ಯಗಳೂ ಬರುತ್ತವೆ.

ನೀರು ಆರುವುದನ್ನು ಬರೆಯುವ ಮೊದಲು ನೋಡಿದೆವು. ಅಂಗಳದಲ್ಲಿ ಸ್ವಲ್ಪ ನೀರು ಚೆಲ್ಲಿ, ಅದರ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅರ್ಧ ಗಂಟೆಗೊಮ್ಮೆ ಹೊಸ ಗೆರೆ. ‘ನೆಲ ಹೀರಿಕೊಂಡಿತು’ ಅಂದರು ಹಲವರು. ಸರಿ, ಹಾಗಾದರೆ ಸ್ಟೀಲ್ ತಟ್ಟೆ ಹೀರುತ್ತದಾ? ಎರಡು ತಟ್ಟೆಯಲ್ಲಿ ಎರಡೆರಡು ಚಮಚ ನೀರು ಹಾಕಿ ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ ಇಟ್ಟೆವು. ಬಿಸಿಲಿನದು ಬೇಗ ಆರಿತು. ನೆರಳಿನದು ಮಾರನೆಯ ದಿನ ನೋಡಿದರೆ ಅದೂ ಆರಿತ್ತು. ಆಗ ಚರ್ಚೆ ಜೋರಾಯಿತು. ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು ಅಂತ ಓದಿದ್ದರಲ್ಲ, ಹಾಗಾದರೆ ನೆರಳಿನಲ್ಲಿ ಹೇಗೆ ಆವಿಯಾಯಿತು? ನೀರಿನ ಕಣಗಳು ಸುಮ್ಮನಿರುವುದಿಲ್ಲ, ಓಡಾಡುತ್ತಲೇ ಇರುತ್ತವೆ, ಮೇಲ್ಭಾಗದಲ್ಲಿ ಜಾಸ್ತಿ ವೇಗ ಇರುವವು ತಪ್ಪಿಸಿಕೊಂಡು ಗಾಳಿಗೆ ಸೇರುತ್ತವೆ, ಬಿಸಿ ಹೆಚ್ಚಾದಷ್ಟೂ ಅಂಥ ಕಣಗಳು ಹೆಚ್ಚು. ಇದನ್ನು ನಾನು ಹೇಳಿಕೊಟ್ಟೆ, ಅದು ಮಕ್ಕಳು ತಾವಾಗಿಯೇ ಕಂಡುಕೊಳ್ಳುವ ವಿಷಯ ಅಲ್ಲ. ಆದರೆ ಕೇಳುವ ಹಸಿವು ಹುಟ್ಟಿಸಿದ್ದು ಆ ತಟ್ಟೆಗಳು.

‘ಬೇಕು ಅಂತ’ ಅನ್ನುವ ಉತ್ತರವನ್ನೂ ಗಮನಿಸಿ. ಗಿಡ ಕಿಟಕಿಯ ಕಡೆ ಯಾಕೆ ಬಾಗುತ್ತದೆ? ‘ಅದಕ್ಕೆ ಬೆಳಕು ಬೇಕು ಅಂತ.’ ಸುಳ್ಳಲ್ಲ, ಆದರೆ ಇದು ಉಪಯೋಗ ಹೇಳಿತು, ಬಾಗಿದ್ದು ಹೇಗೆ ಅಂತ ಹೇಳಲಿಲ್ಲ. ಬೆಳಕು ಒಂದೇ ಕಡೆಯಿಂದ ಬಿದ್ದಾಗ ಕಾಂಡದ ನೆರಳಿನ ಬದಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗುತ್ತದೆ, ಆ ಬದಿಯ ಜೀವಕೋಶಗಳು ಹೆಚ್ಚು ಉದ್ದ ಬೆಳೆಯುತ್ತವೆ, ಆದ್ದರಿಂದ ಕಾಂಡ ಬೆಳಕಿನ ಕಡೆ ವಾಲುತ್ತದೆ. ಎರಡೂ ಉತ್ತರಗಳನ್ನು ಪಕ್ಕಪಕ್ಕ ಬರೆದು ತೋರಿಸಿದರೆ ವ್ಯತ್ಯಾಸ ಮಕ್ಕಳಿಗೆ ಬೇಗ ಹಿಡಿಸುತ್ತದೆ.

1980ರ ದಶಕದಲ್ಲಿ ಸಿಡ್ನಿಯಲ್ಲಿ ಭಾಷಾತಜ್ಞರಾದ ಜಿಮ್ ಮಾರ್ಟಿನ್, ಜೋನ್ ರಾಥರಿ ಮತ್ತು ಅವರ ಜೊತೆಗಾರರು ಶಾಲಾ ಮಕ್ಕಳ ಬರಹಗಳನ್ನು ಅಧ್ಯಯನ ಮಾಡಿ ಒಂದು ದಾರಿ ರೂಪಿಸಿದರು: ಮೊದಲು ಮಾದರಿ ಬರಹವನ್ನು ಬಿಡಿಸಿ ನೋಡುವುದು, ನಂತರ ಎಲ್ಲರೂ ಸೇರಿ ಬರೆಯುವುದು, ಕೊನೆಗೆ ಒಬ್ಬೊಬ್ಬರೇ ಬರೆಯುವುದು. ನಾನು ನಡುವಿನ ಹೆಜ್ಜೆಯನ್ನು ಹಾರಿಸುತ್ತಿದ್ದೆ, ಸಮಯ ಇಲ್ಲ ಅಂತ. ಈಗ ಅದಕ್ಕೇ ಹೆಚ್ಚು ಸಮಯ ಕೊಡುತ್ತೇನೆ. ಬೋರ್ಡಿನ ಮುಂದೆ ನಾನು ಬರೀ ಬರೆದುಕೊಳ್ಳುವವಳು, ವಾಕ್ಯ ಅವರದು. ಮೊದಲು ಬಾಣದ ಗುರುತುಗಳ ಚಿತ್ರ. ಪ್ರತಿ ಬಾಣದ ಮೇಲೆ ‘ಆಮೇಲೆ’ ಅಥವಾ ‘ಅದರಿಂದ’ ಅಂತ ಬರೆಯಲೇಬೇಕು, ಯಾವುದು ಅಂತ ಜಗಳ ಬಂದರೆ ಒಳ್ಳೆಯದೇ.

ಒಬ್ಬೊಬ್ಬರೇ ಬರೆದ ಮೇಲೆ ತಿದ್ದಲು ನಾನು ಅವಸರ ಮಾಡುವುದಿಲ್ಲ. ಬರಹವನ್ನು ಮೂರನೇ ತರಗತಿಯ ಒಂದು ಮಗುವಿಗೆ ಓದಿ ಹೇಳಬೇಕು, ಆ ಮಗು ಕೇಳಿದ್ದನ್ನಷ್ಟೇ ಚಿತ್ರ ಬರೆಯಬೇಕು. ಕಳೆದ ಸಲ ಒಬ್ಬ ಹುಡುಗ ಬ್ರೇಕಿನ ಬಗ್ಗೆ ಓದಿದ. ಪುಟ್ಟವಳು ಹಿಡಿ ಬರೆದಳು, ಚಕ್ರ ಬರೆದಳು, ಚಕ್ರಕ್ಕೆ ಅಂಟಿದ ರಬ್ಬರ್ ಬರೆದಳು, ನಡುವೆ ಖಾಲಿ. ‘ಹಿಡಿ ಒತ್ತಿದ್ದು ರಬ್ಬರಿಗೆ ಹೇಗೆ ಗೊತ್ತಾಯ್ತು?’ ಅಂತ ಕೇಳಿದಳು. ಅವನು ಒಂದು ಕ್ಷಣ ಚಿತ್ರ ನೋಡಿದ, ನೋಟ್‌ಬುಕ್ ವಾಪಸ್ ತಗೊಂಡು ಅಲ್ಲೇ ನೆಲದ ಮೇಲೆ ಕೂತು ಎರಡು ಸಾಲುಗಳ ನಡುವೆ ತಂತಿಯ ವಾಕ್ಯ ತುರುಕಿದ.