ನ್ಯಾಟ್ ಚಿಕ್ಕದಾಗಿಯೇ ಹಾರಬೇಕು

1965ರ ಯುದ್ಧದಲ್ಲಿ ಕಾದಾಡಿದ ಭಾರತದ ನ್ಯಾಟ್, ಪಾಕಿಸ್ತಾನದ ಸೇಬರ್ ಜೆಟ್‌ಗಳ ಕಾಳಗವನ್ನು ರಿಮೋಟ್ ಮಾದರಿಗಳಲ್ಲಿ ತೋರಿಸುವ ಆಟ ನಮ್ಮದು. ಮಾದರಿಗಳೆರಡೂ ಒಂದೇ ಅಳತೆಯಲ್ಲಿ, ಅಸಲಿನ ಒಂಬತ್ತನೇ ಒಂದರಷ್ಟು (1:9) ಇರಲಿ ಎಂದಾಗ ಜೊತೆಗೆ ಹಾರಿಸುವವರು ಯಾರೂ ಒಪ್ಪಲಿಲ್ಲ. ಸೇಬರ್‌ಗೆ 125 ಸೆಂ.ಮೀ. ರೆಕ್ಕೆ ಬಂದರೆ ನ್ಯಾಟ್‌ಗೆ ಸಿಗುವುದು 75. ನೂರು ಮೀಟರ್ ದಾಟಿದರೆ ಅದು ಕಾಗೆಯೋ ವಿಮಾನವೋ ತಿಳಿಯದು. ಆದರೆ 1965ರಲ್ಲಿ ಸೇಬರ್‌ನವರ ಫಜೀತಿಯೂ ಅದೇ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಆ ಪುಟಾಣಿಯನ್ನು ಹಿಗ್ಗಿಸಿದರೆ ಸ್ವಾರಸ್ಯವೇ ಹೋಯಿತು.

ಮೊದಲ ನ್ಯಾಟ್‌ಗೆ ಅಸಲಿನಂತೆ ಬೆಳ್ಳಿ ಬಣ್ಣ. ಮಧ್ಯಾಹ್ನದ ಬಿಳಿ ಆಕಾಶದಲ್ಲಿ ಎರಡನೇ ತಿರುವಿಗೇ ಕರಗಿ, ಜೋಳದ ಹೊಲ ಸೇರಿತು. ಫ್ಯಾನ್, ರಿಸೀವರ್ ಸೇರಿ ಏಳು ಸಾವಿರ ಮಣ್ಣುಪಾಲು. ಈಗ ಹೊಟ್ಟೆಗೆ ಮ್ಯಾಟ್ ಕಪ್ಪು, ಬಲರೆಕ್ಕೆಯ ತುದಿಗಷ್ಟೇ ಕಿತ್ತಳೆ. ಹಾರಾಟ ಸಂಜೆ ನಾಲ್ಕರ ಮೇಲೆ, ಬಿಸಿಲು ಬೆನ್ನಿಗಿರುವಂತೆ.

ಹೊಡೆತ ಬಿತ್ತೆಂದು ತೋರಿಸಲು ಸೇಬರ್‌ನ ಬಾಲಕ್ಕೆ ಕ್ರೇಪ್ ಕಾಗದದ ಪಟ್ಟಿ ಕಟ್ಟಿ, ನ್ಯಾಟ್‌ನಿಂದ ನಿಜವಾಗಿಯೇ ಕತ್ತರಿಸಲು ಹೋದದ್ದು ಹುಚ್ಚು. ಪ್ರೊಪೆಲರ್ ಆದರೆ ಕಾಗದ ಹರಿಯುತ್ತದೆ. ನಮ್ಮ ಮಾದರಿಗಳ ಹೊಟ್ಟೆಯ ಕೊಳವೆಯೊಳಗೆ ತಿರುಗುವ ಡಕ್ಟೆಡ್ ಫ್ಯಾನ್ ಅದನ್ನು ಒಳಕ್ಕೆಳೆದುಕೊಂಡು ಉಸಿರುಗಟ್ಟುತ್ತದೆ. ಎರಡು ಫ್ಯಾನ್ ಹೋದ ಮೇಲೆ ಪಟ್ಟಿಯನ್ನು ಪಿನ್ನಿಗೆ ಸಿಕ್ಕಿಸಿ, 9 ಗ್ರಾಂ ಸರ್ವೋದಿಂದ (ರಿಮೋಟ್‌ಗೆ ಓಗೊಡುವ ಪುಟ್ಟ ಮೋಟಾರು) ಬಿಡುವಂತೆ ಮಾಡಿದ್ದಾಯಿತು. ರಿಮೋಟ್‌ನ ಆರನೇ ಚಾನೆಲ್, ಒಂದು ಸ್ವಿಚ್. ಗಾಳಿ ಹೊರಬರುವ ನಳಿಕೆಯ ಕೆಳಗಿಂದ ಎರಡು ಮೀಟರ್ ದಾರ, ಆಮೇಲೆ ಎಂಟು ಮೀಟರ್ ಕೆಂಪು ಕಾಗದ. ದಾರ ಗಿಡ್ಡವಾದರೆ ಪಟ್ಟಿ ಮೂಗನ್ನು ಏರಿಳಿಸುವ ಬಾಲದ ಎಲಿವೇಟರ್‌ಗೆ ಸುತ್ತಿಕೊಳ್ಳುತ್ತದೆ.

ಪ್ರೇಕ್ಷಕರ ಪಾಲು ಇಲ್ಲಿ. ಮೇಜಿನ ಮೇಲೊಂದು ಗಂಟೆ. ನ್ಯಾಟ್ ಸರಿಯಾಗಿ ಬಾಲದ ಹಿಂದೆ ಬಂತೆನಿಸಿದಾಗ ಕೂತ ಹುಡುಗನೋ ಹುಡುಗಿಯೋ ಬಾರಿಸಬೇಕು. ಪೈಲಟ್ ಗಂಟೆಗೆ ಕಿವಿಗೊಡಬಾರದು, ಕತ್ತು ತಿರುಗಿಸಿದರೆ ವಿಮಾನ ಹೋಯಿತೆಂದೇ ಲೆಕ್ಕ. ಹಿಂದೆ ನಿಂತ ಸ್ಪಾಟರ್, ಅಂದರೆ ಪೈಲಟ್‌ನ ಎರಡನೇ ಕಣ್ಣು, ಅಳೆದು "ಬಿಡು" ಎಂದರೆ ಮಾತ್ರ ಸ್ವಿಚ್. ಅಸಲಿಗೆ ವಿಮಾನಗಳು ಹತ್ತಿರವೇ ಬರುವುದಿಲ್ಲ: ನ್ಯಾಟ್ ನಮ್ಮಿಂದ 60 ಮೀಟರ್ ಗೆರೆಯಲ್ಲಿ, ಸೇಬರ್ 80ರಲ್ಲಿ. ಅಳತೆಯಲ್ಲಿ ಅಷ್ಟು ಮೋಸ ಇರಲಿ. ಎರಡೂ ಒಂದೇ ಸಾಲಿನಲ್ಲಿ ಕಾಣುವಂತೆ ಮೇಜನ್ನು ಎಲ್ಲಿಡಬೇಕೆಂಬುದು ನಮ್ಮಲ್ಲೇ ಇರಲಿ.

ಎದುರುಬದುರು ಹಾರಾಟ ಇಲ್ಲ. ಲೂಪ್ (ಮೇಲೇರಿ ಪೂರ್ತಿ ಪಲ್ಟಿ) ಬೇಕೆಂದು ಕೂಗಿದರೂ ಮೊದಲ ಎರಡು ನಿಮಿಷದೊಳಗೆ ಮಾತ್ರ. ಆಮೇಲೆ ಬ್ಯಾಟರಿ ಕುಸಿಯುತ್ತದೆ, ಲೂಪಿನ ನೆತ್ತಿಯಲ್ಲಿ ಬೇಕಾದ ಎತ್ತರ ಸಿಗುವುದಿಲ್ಲ. 2015ರಲ್ಲಿ ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಪ್ರದರ್ಶನಕ್ಕೆ ಹಾರಿದ ಹಳೆಯ ಹಂಟರ್ ಜೆಟ್ ಬಿದ್ದು 11 ಜನ ಸತ್ತದ್ದೂ ನೆತ್ತಿಯಲ್ಲಿ ಎತ್ತರ ಸಾಲದೆಯೇ. ಟೈಮರ್ ಮೂರು ನಿಮಿಷಕ್ಕೆ. ನ್ಯಾಟ್‌ಗೆ ನಾಲ್ಕು ಸೆಲ್‌ಗಳ 2200 ಎಂಎಎಚ್ ಬ್ಯಾಟರಿ (4ಎಸ್ 2200), ಕೈಯಿಂದಲೇ ಎಸೆತ. ಕೆಂಪು ಮಣ್ಣಿನ ಮೇಲೆ ಓಡಿಸಿದರೆ ಫ್ಯಾನ್ ದೂಳು ಕುಡಿಯುತ್ತದೆ.

ಒಳಗೇ ಸ್ಪೀಕರ್ ಇಟ್ಟು ಜೆಟ್ ಸದ್ದು ಬರಿಸುವ ಪ್ರಯೋಗವೂ ಆಯಿತು. 90 ಗ್ರಾಂ ಹೆಚ್ಚಿ, ಭಾರಕೇಂದ್ರ ಹಿಂದೆ ಸರಿದು ವಿಮಾನ ಮೂಗೆತ್ತತೊಡಗಿತು; ಕಿತ್ತು ಹಾಕಿದ್ದಾಯಿತು. ಫ್ಯಾನಿನ ಕೀರಲೇ ಸಾಕು.

ಬಿದ್ದು ಮುರಿದವೂ ಸೇರಿ ಖರ್ಚು ನಲವತ್ತು ಸಾವಿರದ ಆಸುಪಾಸು. ಕಳೆದ ಸಲ ಮಕ್ಕಳು ಗಂಟೆ ಬಾರಿಸಿದ ಹದಿನಾಲ್ಕು ಸಲದಲ್ಲಿ ಸ್ಪಾಟರ್ ಒಪ್ಪಿದ್ದು ಐದೋ ಆರೋ.